ಕುಮಟಾದಲ್ಲಿ ಕೂತು ಥೆರಪಿಸ್ಟ್ ಹುಡುಕಿದ ಬಗೆ

ಮನಸ್ಸಿಗೆ ಬಿದ್ದ ಆಘಾತಕ್ಕೆ ಚಿಕಿತ್ಸೆ ಹುಡುಕಿ ಡಾಕ್ಟರ ಹತ್ತಿರ ಹೋಗುವ ಮೊದಲು ಒಂದು ವ್ಯತ್ಯಾಸ ತಿಳಿದಿದ್ದರೆ ಎಷ್ಟೋ ಅಲೆದಾಟ ತಪ್ಪುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಕಣ್ಣಾರೆ ಕಂಡವರಿಗೆ ಇವತ್ತಿಗೂ ಜೋರು ಮಳೆ ಹಿಡಿದರೆ ನಿದ್ದೆ ಬರದಿರಬಹುದು. ಅದು ಒಂದು ಘಟನೆಯ ಆಘಾತ, ಅದಕ್ಕೊಂದು ತಾರೀಖು ಇದೆ. ಚಿಕ್ಕಂದಿನಿಂದ ವರ್ಷಗಟ್ಟಲೆ ಮನೆಯೊಳಗೇ ಹೊಡೆತ, ಹೀಯಾಳಿಕೆ, ಲೈಂಗಿಕ ಕಿರುಕುಳ ಅನುಭವಿಸಿದವರಿಗೆ ತಾರೀಖು ಹೇಳಲು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11, ಅಂದರೆ 2022ರ ಜನವರಿಯಿಂದ ಜಾರಿಯಲ್ಲಿರುವ ರೋಗಗಳ ಪಟ್ಟಿ, ಇದಕ್ಕೆ 6ಬಿ41 ಎಂಬ ಬೇರೆಯೇ ಸಂಖ್ಯೆ ಕೊಟ್ಟಿದೆ: ಕಾಂಪ್ಲೆಕ್ಸ್ ಪಿಟಿಎಸ್‌ಡಿ, ಅಂದರೆ ಸಂಕೀರ್ಣ ಆಘಾತ. ಬರೀ ಪಿಟಿಎಸ್‌ಡಿ ಎಂದರೆ ಆಘಾತ ಮುಗಿದಮೇಲೂ ಮನಸ್ಸಿನಲ್ಲಿ ಉಳಿಯುವ ತೊಂದರೆ. ಹಳೆಯದು ಈಗಲೇ ನಡೆಯುತ್ತಿದೆ ಎಂಬಂತೆ ಮರುಕಳಿಸುವುದು, ಅದನ್ನು ನೆನಪಿಗೆ ತರುವ ಜಾಗ-ಜನರಿಂದ ತಪ್ಪಿಸಿಕೊಳ್ಳುವುದು, ಏನೋ ಆಗಲಿದೆ ಎಂದು ಮೈ ಸದಾ ಬಿಗಿಹಿಡಿದಿರುವುದು: ಈ ಮೂರು ಎರಡೂ ಬಗೆಯಲ್ಲಿ ಇರುತ್ತವೆ. ಸಂಕೀರ್ಣ ಆಘಾತದಲ್ಲಿ ಇನ್ನೂ ಮೂರು ಸೇರುತ್ತವೆ. ಸಿಟ್ಟು-ದುಃಖ ಹತೋಟಿ ತಪ್ಪುವುದು ಅಥವಾ ಮನಸ್ಸು ಪೂರ್ತಿ ಮರಗಟ್ಟುವುದು, ನಾನೇ ಸರಿಯಿಲ್ಲ ಎಂಬ ಬೇರೂರಿದ ಭಾವ, ಯಾರ ಹತ್ತಿರವೂ ಹೆಚ್ಚು ದಿನ ನಿಲ್ಲಲಾಗದಿರುವುದು.

ಅಮೆರಿಕದ ಮಾನಸಿಕ ಕಾಯಿಲೆಗಳ ಪಟ್ಟಿಯಾದ ಡಿಎಸ್‌ಎಂ-5ರಲ್ಲಿ ಇದಕ್ಕೆ ಪ್ರತ್ಯೇಕ ಹೆಸರಿಲ್ಲ. ಹಾಗಾಗಿ ಅದೇ ತೊಂದರೆಗೆ ಒಬ್ಬರ ಚೀಟಿಯಲ್ಲಿ ಡಿಪ್ರೆಶನ್ ಎಂದಿರುತ್ತದೆ, ಇನ್ನೊಬ್ಬರದ್ದರಲ್ಲಿ ಬಾರ್ಡರ್‌ಲೈನ್ (ಒಂದು ಬಗೆಯ ವ್ಯಕ್ತಿತ್ವದ ತೊಂದರೆ) ಎಂದಿರುತ್ತದೆ. ಹೆಸರಿಗಾಗಿ ಜಗಳ ಬೇಡ. ಆದರೆ ಮೇಲಿನ ಆರು ಸಂಗತಿಗಳಲ್ಲಿ ಯಾವುದು ಎಷ್ಟು ಕಾಡುತ್ತದೆ ಎಂದು ಅರ್ಧ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಏನು ನಡೆಯಿತು ಎಂಬ ಕಥೆ ಅದರಲ್ಲಿ ಬೇಕಿಲ್ಲ, ಈಗ ಏನಾಗುತ್ತಿದೆ ಎಂಬುದಿದ್ದರೆ ಸಾಕು. ಮೊದಲ ಭೇಟಿಯಲ್ಲಿ ಬಾಯಿ ಕಟ್ಟಿದಾಗ ಆ ಕಾಗದ ಮುಂದಿಟ್ಟರೆ ಕೆಲಸ ನಡೆಯುತ್ತದೆ.

ಬೋರ್ಡು ನೋಡಿ ಮೋಸಹೋಗುವುದು ಬಹಳ. ಮನೋವೈದ್ಯರು ಎಂಬಿಬಿಎಸ್ ಮೇಲೆ ಎಂಡಿ ಅಥವಾ ಡಿಪಿಎಂ (ಮನೋವೈದ್ಯಕೀಯದ ಡಿಪ್ಲೊಮಾ) ಮಾಡಿದವರು, ಮಾತ್ರೆ ಬರೆಯುವವರು ಅವರು. ಮಾತಿನ ಚಿಕಿತ್ಸೆ, ಅಂದರೆ ಥೆರಪಿ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನಿಸಿಕೊಳ್ಳಲು ಭಾರತೀಯ ಪುನರ್ವಸತಿ ಮಂಡಳಿಯ (ಆರ್‌ಸಿಐ) ನೋಂದಣಿ ಬೇಕು. ಆ ನೋಂದಣಿ ಸಂಖ್ಯೆ ಕೇಳುವುದಕ್ಕೆ ನಾಚಿಕೆ ಬೇಡ, ಸರಿಯಾದವರು ಕೇಳಿದ ತಕ್ಷಣ ಹೇಳುತ್ತಾರೆ. ಕೌನ್ಸೆಲರ್ ಎಂಬ ಬೋರ್ಡು ಮಾತ್ರ ಎರಡು ವರ್ಷದ ಎಂಎಸ್ಸಿ ಓದಿದವರದ್ದೂ ಆಗಿರಬಹುದು, ಎರಡು ದಿನದ ಶಿಬಿರ ಮುಗಿಸಿದವರದ್ದೂ ಆಗಿರಬಹುದು. ಹಾಗೆಂದು ಡಿಗ್ರಿಯೇ ಎಲ್ಲವೂ ಅಲ್ಲ. ಆಘಾತದ ಕೆಲಸಕ್ಕೆಂದೇ ತರಬೇತಿ ಪಡೆದ ಕೌನ್ಸೆಲರ್ ಒಬ್ಬರು, ಅದರ ಗಂಧಗಾಳಿ ಇಲ್ಲದ ದೊಡ್ಡ ಡಿಗ್ರಿಗಿಂತ ಮೇಲು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ ನಾನು ಹಿಡಿದ ದಾರಿ ಇದು. ಮೊದಲು 14416, ಟೆಲಿಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ದಿನದ 24 ಗಂಟೆ, ಪುಕ್ಕಟೆ, ಕನ್ನಡದಲ್ಲೇ ಮಾತು. ಮೊದಲು ಫೋನ್ ಎತ್ತುವವರು ಕೌನ್ಸೆಲರ್, ಅಗತ್ಯ ಬಿದ್ದರೆ ಮೇಲಿನ ಹಂತದ ತಜ್ಞರಿಗೆ ದಾಟಿಸುತ್ತಾರೆ. ವಾರ ವಾರದ ಥೆರಪಿಯನ್ನು ಅಲ್ಲಿ ನಿರೀಕ್ಷಿಸಬೇಡಿ. ರಾತ್ರಿ ಎರಡು ಗಂಟೆಗೆ ಎದೆ ಹೊಡೆದುಕೊಳ್ಳುವಾಗಲೂ, ಹತ್ತಿರದಲ್ಲಿ ಯಾವ ಸರ್ಕಾರಿ ಸೌಲಭ್ಯವಿದೆ ಎಂದು ತಿಳಿಯುವುದಕ್ಕೂ ಅದು ಉಪಯೋಗ. ಎರಡನೆಯದು ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜಾದ ಕ್ರಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗ. ತಾಲೂಕು ಆಸ್ಪತ್ರೆಗಳಿಗೆ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಮುಂಚೆಯೇ ಫೋನ್ ಮಾಡಿ ಕೇಳಿಕೊಂಡು ಹೋಗಿ. ಚೀಟಿ ಮಾಡಿಸುವ ಕೌಂಟರಿನಲ್ಲಿ 'ಎಂತಾಗಿದೆ?' ಎಂದು ಜೋರಾಗಿ ಕೇಳುತ್ತಾರೆ, ಹಿಂದೆ ನಿಂತವರಲ್ಲಿ ಇಬ್ಬರಾದರೂ ಪರಿಚಯದವರು ಇರುತ್ತಾರೆ. 'ನಿದ್ದೆ ಬರ್ತಾ ಇಲ್ಲ' ಎಂದರೆ ಸಾಕು, ಸುಳ್ಳೂ ಅಲ್ಲ.

ಈ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗನಿರ್ಣಯ, ಮಾತ್ರೆ ಸಿಗುತ್ತವೆ. ಐವತ್ತು ನಿಮಿಷ ಕೂತು ಮಾತಾಡುವ ಪುರಸೊತ್ತು ಆ ಸಾಲಿನಲ್ಲಿ ಇರುವುದಿಲ್ಲ, ಅದು ಡಾಕ್ಟರ ತಪ್ಪಲ್ಲ. ಥೆರಪಿಗೆಂದೇ ಹೊರಟರೆ ಶಿರಸಿ-ಯಲ್ಲಾಪುರ ಕಡೆಯವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಹೊನ್ನಾವರ-ಭಟ್ಕಳದವರಿಗೆ ಮಣಿಪಾಲ, ಕಾರವಾರದವರಿಗೆ ಗೋವಾ ಹತ್ತಿರ. ಆದರೆ ವಾರಕ್ಕೊಮ್ಮೆ ದೇವಿಮನೆ ಘಟ್ಟ ಹತ್ತಿ ಇಳಿದು ಯಾರೂ ಎರಡು ವರ್ಷ ಥೆರಪಿ ಮಾಡಲಾರರು. ಮಾತ್ರೆ-ತಪಾಸಣೆ ಸ್ಥಳೀಯವಾಗಿ, ಥೆರಪಿ ಆನ್‌ಲೈನ್: ಇಷ್ಟು ದೂರದಲ್ಲಿ ಇರುವವರಿಗೆ ನಿಭಾಯಿಸಲು ಆಗುವುದು ಈ ಜೋಡಣೆಯೇ. ವಿಚಾರಿಸಿದಲ್ಲೆಲ್ಲ ಒಂದು ಸೆಷನ್ನಿಗೆ 800ರಿಂದ 2,500 ರೂಪಾಯಿ ಹೇಳಿದರು. ಆದಾಯ ನೋಡಿ ಇಳಿಸುವ ಕ್ರಮ ಎಷ್ಟೋ ಕಡೆ ಇದೆ, ಕೇಳದೆ ಯಾರೂ ಹೇಳುವುದಿಲ್ಲ.

ಇನ್ನು ಥೆರಪಿಸ್ಟಿಗೆ ಮಾಡುವ ಮೊದಲ ಫೋನು. ಹದಿನೈದು ನಿಮಿಷದ ಈ ಮಾತುಕತೆಯಲ್ಲೇ ಮುಕ್ಕಾಲು ಪಾಲು ಗೊತ್ತಾಗುತ್ತದೆ, ಕೇಳಬೇಕಾದ್ದನ್ನು ಕೇಳಿದರೆ. ನನ್ನ ಮುಖ್ಯ ಪ್ರಶ್ನೆ ಒಂದೇ: 'ಮಾತಾಡುವಾಗ ನಾನು ಹಳೆಯದರೊಳಗೆ ಮುಳುಗಿಬಿಟ್ಟರೆ ಹೊರಗೆ ತರುವುದಕ್ಕೆ ಏನು ಮಾಡ್ತೀರಿ? ಸೆಷನ್ ಮುಗಿಸುವುದು ಹೇಗೆ?' ಗಾಯ ತೆರೆಯುವುದು ಎಲ್ಲರಿಗೂ ಬರುತ್ತದೆ, ಮುಚ್ಚಿ ಕಳಿಸುವುದು ಕಲಿತವರಿಗೆ ಮಾತ್ರ. ಬಲ್ಲವರು ಕಾಂಕ್ರೀಟಾಗಿ ಹೇಳುತ್ತಾರೆ: ಕೊನೆಯ ಹತ್ತು ನಿಮಿಷ ಹೊಸ ವಿಷಯ ಎತ್ತುವುದಿಲ್ಲ, ಕಾಲು ನೆಲಕ್ಕೆ ಊರಿಸುತ್ತೇವೆ, ಕೋಣೆಯಲ್ಲಿ ಕಾಣುವುದನ್ನು ಹೆಸರಿಸಲು ಹೇಳುತ್ತೇವೆ, ಬೇಡವೆಂದಾಗ ನಿಲ್ಲಿಸಲು ಕೈಸನ್ನೆ ಇಟ್ಟುಕೊಳ್ಳುತ್ತೇವೆ. 'ಅತ್ತುಬಿಡಿ, ಎಲ್ಲ ಹೊರಗೆ ಬರಲಿ, ಹಗುರಾಗ್ತದೆ' ಎಂದರೆ ಅಲ್ಲಿಗೇ ಥ್ಯಾಂಕ್ಸ್ ಹೇಳಿ ಫೋನ್ ಇಡುವುದು ಒಳ್ಳೆಯದು.

ಕಾರಣವಿದೆ. 1992ರಲ್ಲಿ ಸಂಕೀರ್ಣ ಆಘಾತವನ್ನು ಬೇರೆಯಾಗಿ ಗುರುತಿಸಿದ ಮನೋವೈದ್ಯೆ ಜುಡಿತ್ ಹರ್ಮನ್ ಚೇತರಿಕೆಯನ್ನು ಮೂರು ಹಂತವಾಗಿ ನೋಡಿದರು: ಮೊದಲು ಸುರಕ್ಷತೆ, ನಂತರ ನೆನಪು ಮತ್ತು ಶೋಕ, ಕೊನೆಗೆ ಬದುಕಿನೊಡನೆ ಮರುಜೋಡಣೆ. ಮೊದಲ ಹಂತಕ್ಕೇ ತಿಂಗಳುಗಟ್ಟಲೆ ಹೋಗಬಹುದು. ಎಷ್ಟು ಕಾಲ ಎಂಬ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯ ಇದೆ, ತಯಾರಿಯನ್ನೇ ಎಳೆದು ಎಳೆದು ನಿಜವಾದ ಕೆಲಸ ಮುಂದೂಡಬಾರದು ಎನ್ನುವವರೂ ಇದ್ದಾರೆ. ಆದರೆ ಮೊದಲ ದಿನವೇ ಪೂರ್ತಿ ಕಥೆ ಹೇಳಿಸಿಕೊಳ್ಳುವುದು ಸರಿ ಎಂದು ಯಾವ ಕಡೆಯವರೂ ಹೇಳುವುದಿಲ್ಲ. ಹಾಗೆ ಹೇಳಿಸಿಕೊಂಡಾಗ ಆಗುವುದು ಇಷ್ಟು: ಆ ಹೊತ್ತಿಗೆ ಹಗುರ, ಮೂರನೇ ದಿನಕ್ಕೆ ದುಃಸ್ವಪ್ನ, ಮುಂದಿನ ವಾರ ಹೋಗಲು ಹೆದರಿಕೆ, ಆಮೇಲೆ 'ನನಗೆ ಥೆರಪಿ ಆಗಿಬರುವುದಿಲ್ಲ' ಎಂಬ ತೀರ್ಮಾನ.

ಕಣ್ಣಿನ ಚಲನೆ ಬಳಸಿ ಆಘಾತದ ನೆನಪಿನ ಮೇಲೆ ಕೆಲಸ ಮಾಡುವ ಇಎಂಡಿಆರ್ ಎಂಬ ಥೆರಪಿಯ ಹೆಸರು ಈಗ ಎಲ್ಲೆಡೆ ಕೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಪಿಟಿಎಸ್‌ಡಿಗೆ ಆಘಾತ-ಕೇಂದ್ರಿತ ಸಿಬಿಟಿಯ (ಯೋಚನೆ, ನಡವಳಿಕೆ ತಿದ್ದುವ ಥೆರಪಿ) ಜತೆಗೆ ಇದನ್ನೂ ಶಿಫಾರಸು ಮಾಡಿತ್ತು. ಇದರಲ್ಲಿ ಎಂಟು ಹಂತಗಳು. ಒಂದನೆಯದು ಹಿನ್ನೆಲೆ, ಎರಡನೆಯದು ತಯಾರಿ, ಮೂರನೆಯದು ಯಾವ ನೆನಪು ಎಂದು ಗುರುತಿಸಿ ಅಳೆಯುವುದು. ಥೆರಪಿಸ್ಟರ ಬೆರಳನ್ನು ಹಿಂಬಾಲಿಸಿ ಕಣ್ಣು ಆಚೀಚೆ ಆಡಿಸಿ ನೆನಪಿನ ಮೇಲೆ ಕೆಲಸ ಮಾಡುವುದು ನಾಲ್ಕನೆಯದರಲ್ಲಿ. ಹೋದ ದಿನವೇ ಬೆರಳು ಆಡಿಸತೊಡಗಿದವರು ಮೂರು ಮೆಟ್ಟಿಲು ಹಾರಿದ್ದಾರೆ. ತರಬೇತಿ ಪೂರ್ತಿ ಮುಗಿದಿದೆಯೇ, ಈಗ ಸೂಪರ್‌ವಿಷನ್ (ತಮ್ಮ ಕೆಲಸಕ್ಕೆ ಹಿರಿಯರ ಮಾರ್ಗದರ್ಶನ) ಯಾರ ಬಳಿ ಎಂದು ಕೇಳಿ. ಸಂಮೋಹನ ಮಾಡಿ 'ಮರೆತ ನೆನಪು' ಹೊರತೆಗೆಯುತ್ತೇವೆ, ಹಿಂದಿನ ಜನ್ಮಕ್ಕೆ ಕರೆದೊಯ್ಯುತ್ತೇವೆ ಎನ್ನುವವರ ಹತ್ತಿರ ಹೋಗಲೇಬೇಡಿ. ಸೂಚನೆ ಕೊಟ್ಟು ಕೆದಕಿದರೆ ಇಲ್ಲದ ನೆನಪೂ ಹುಟ್ಟಿಕೊಳ್ಳುತ್ತದೆ.

ಕಕ್ಕುಲಾತಿ ಇದೆಯೇ ಎಂದು ನೇರವಾಗಿ ಕೇಳಿದರೆ ಎಲ್ಲರೂ ಇದೆ ಎಂದೇ ಅನ್ನುತ್ತಾರೆ. ಸುತ್ತಿ ಕೇಳಬೇಕು. 'ಅಪ್ಪನ ಜತೆ ಮಾತು ಬಿಟ್ಟವರು ನಿಮ್ಮ ಬಳಿ ಬಂದರೆ ಏನು ಹೇಳ್ತೀರಿ?' ಎಂಬ ಪ್ರಶ್ನೆಗೆ 'ಎಷ್ಟಂದ್ರೂ ಹೆತ್ತವರಲ್ದಾ' ಎಂಬ ಉತ್ತರ ಬಂದರೆ ಮುಂದೆ ಕ್ಷಮಿಸುವ ಪಾಠ ಕಾದಿದೆ ಎಂದೇ ಅರ್ಥ. ಸಲಿಂಗಿಗಳು, ಲಿಂಗಪರಿವರ್ತಿತರು ಇದನ್ನು ಇನ್ನೂ ಖಡಕ್ಕಾಗಿ ಕೇಳಬೇಕು. 'ಬದಲಾಯಿಸುವ' ಚಿಕಿತ್ಸೆ ವೃತ್ತಿಪರ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ, ಆ ಮಾತು ಎತ್ತಿದ ಡಾಕ್ಟರ ಮುಂದೆ ಇದನ್ನು ಧೈರ್ಯವಾಗಿ ಹೇಳಬಹುದು. ಜಾತಿಯ ಅವಮಾನವೂ ಆಘಾತವೇ. 'ಈಗೆಲ್ಲ ಎಲ್ಲಿದೆ ಅದು' ಎನ್ನುವವರ ಮುಂದೆ ಅದನ್ನು ಬಿಚ್ಚಲಾಗದು. ಭಾಷೆಯ ವಿಷಯಕ್ಕೂ ಪಟ್ಟು ಹಿಡಿಯಬಹುದು. ಬೈಗುಳ ತಿಂದದ್ದು ಹವ್ಯಕ ಕನ್ನಡದಲ್ಲೋ ಕೊಂಕಣಿಯಲ್ಲೋ ನವಾಯತಿಯಲ್ಲೋ ಆಗಿದ್ದರೆ ಇಂಗ್ಲಿಷಿನಲ್ಲಿ ಅದನ್ನು ಹೇಳುವಾಗ ಅದರ ಏಟೇ ಹೊರಟುಹೋಗುತ್ತದೆ. ಒಮ್ಮೊಮ್ಮೆ ಆ ದೂರವೇ ಬೇಕಾಗುತ್ತದೆ, ಶುರುವಿನಲ್ಲಿ ಮುಖ್ಯವಾಗಿ.

ಪ್ರಸಾದ ಕೇಳಿ ಬಂದೆವು, ಹರಕೆ ಹೊತ್ತೆವು ಎಂದಾಗ ನಗುವ ಥೆರಪಿಸ್ಟ್ ಕೂಡ ಬೇಡ. ಆ ನಂಬಿಕೆ ಎಷ್ಟೋ ಜನರನ್ನು ಬದುಕಿಸಿಟ್ಟಿದೆ.

ಗುಟ್ಟಿನ ಬಗ್ಗೆ: 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ-2017ರ 23ನೇ ಕಲಮಿನ ಪ್ರಕಾರ ನಿಮ್ಮ ಮಾಹಿತಿ ಗೋಪ್ಯ. ವಯಸ್ಕರ ವಿಷಯವನ್ನು 'ಮನೆಯವರು ಕೇಳಿದರು' ಎಂದು ಹೇಳುವ ಹಾಗಿಲ್ಲ. ಜೀವಕ್ಕೆ ಅಪಾಯ, ಕೋರ್ಟಿನ ಆದೇಶದಂಥ ವಿನಾಯಿತಿಗಳಿವೆ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆಯುತ್ತಿರುವುದು ತಿಳಿದರೆ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಯಾವ ಯಾವ ಸಂದರ್ಭದಲ್ಲಿ ಹೊರಗೆ ಹೇಳುತ್ತೀರಿ ಎಂದು ಮೊದಲ ದಿನವೇ ಕೇಳಿ ತಿಳಿದುಕೊಂಡರೆ ಮುಂದೆ ದ್ರೋಹವಾದಂತೆ ಅನ್ನಿಸುವುದಿಲ್ಲ. ಹೊಡೆಯುವವರು ಈಗಲೂ ಅದೇ ಮನೆಯಲ್ಲಿದ್ದರೆ ಥೆರಪಿಗಿಂತ ಮೊದಲು ಮಹಿಳಾ ಸಹಾಯವಾಣಿ 181ಕ್ಕೋ, ಮಕ್ಕಳಾದರೆ ಮಕ್ಕಳ ಸಹಾಯವಾಣಿ 1098ಕ್ಕೋ ಫೋನ್ ಹೋಗಬೇಕು.

ಆನ್‌ಲೈನ್ ಥೆರಪಿಗೆ ನಮ್ಮ ಕಡೆಯ ದೊಡ್ಡ ಶತ್ರು ಮಳೆಗಾಲ. ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಕಷ್ಟದ ವಿಷಯದ ನಡುವೆ ಕರೆ ಕಡಿದರೆ ಏನು ಮಾಡುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ: ಯಾರು ಯಾರಿಗೆ ಫೋನ್ ಮಾಡುವುದು, ಎಷ್ಟು ನಿಮಿಷ ಕಾಯುವುದು, ಸಿಗದಿದ್ದರೆ ಒಂದು ಮೆಸೇಜ್ ಸಾಕೇ. ವಿಡಿಯೊಗೆ ಗಂಟೆಗೆ ಅರ್ಧದಿಂದ ಒಂದು ಜಿಬಿ ಬೇಕು, ಸಿಗ್ನಲ್ ಸೊರಗಿದ ದಿನ ಬರೀ ಮಾತಿನ ಕರೆಗೆ ಇಳಿಯುವುದೇ ವಾಸಿ. ನಡುಮನೆಯ ಪಕ್ಕದ ಕೋಣೆಯಲ್ಲಿ ಕೂತರೆ ಗೋಡೆಗೆಲ್ಲ ಕಿವಿ. ಬಾಗಿಲ ಹೊರಗೆ ರೇಡಿಯೊ ಹಚ್ಚಿಡುವುದು, ಹೆಡ್‌ಫೋನ್ ಹಾಕುವುದು, 'ಯಾರೋ ಕೇಳಿಸಿಕೊಳ್ತಿದ್ದಾರೆ' ಎನ್ನಲು ಒಂದು ಗುಟ್ಟುಮಾತು ಇಟ್ಟುಕೊಳ್ಳುವುದು ನಡೆಯುತ್ತದೆ. ತೋಟಕ್ಕೆ ಹೋಗಿ ಕೂರುವವರು ಸೆಷನ್ ಮುಗಿದಮೇಲೆ ಒಬ್ಬರೇ ಉಳಿಯದಂತೆ ನೋಡಿಕೊಳ್ಳಿ. ಥೆರಪಿಸ್ಟರ ಬಳಿ ಖುದ್ದಾಗಿ ಹೋಗುವವರು ಮುಗಿದೊಡನೆ ಬಸ್ ಹತ್ತಬೇಡಿ. ಅರ್ಧ ಗಂಟೆ ಎಲ್ಲಾದರೂ ಕೂತು ಒಂದು ಚಾ ಕುಡಿದು, ಮೈ ಬಸ್ಸಿನ ಗದ್ದಲಕ್ಕೆ ಸಿದ್ಧವಾದ ಮೇಲೆ ಹೊರಡಿ.

ಧ್ಯಾನದ ವಿಷಯ ಹೇಳಲೇಬೇಕು, ಯಾಕೆಂದರೆ ಎಲ್ಲರೂ ಅದನ್ನೇ ಹೇಳುತ್ತಾರೆ. ಕಣ್ಣು ಮುಚ್ಚಿ ಉಸಿರಿನ ಮೇಲೆ ಗಮನ ಇಡಿ ಎಂದಾಗ ಕೆಲವರಿಗೆ ಒಳಗಿನ ಚಿತ್ರಗಳೇ ಎದ್ದು ಬರುತ್ತವೆ, ಇನ್ನು ಕೆಲವರು ಮೈಯಿಂದಲೇ ದೂರ ಸರಿದಂತಾಗಿ ಹೆದರುತ್ತಾರೆ. ಅದು ಅವರ ಸೋಲಲ್ಲ. ಕಣ್ಣು ತೆರೆದೇ ಇಟ್ಟು, ಕಾಣುವ ಐದು, ಮುಟ್ಟುವ ನಾಲ್ಕು, ಕೇಳುವ ಮೂರು, ಮೂಸುವ ಎರಡು, ರುಚಿಯ ಒಂದು ಎಂದು ಎಣಿಸುವುದು ಇಂಥವರಿಗೆ ಒಗ್ಗುತ್ತದೆ. ಚಿರೆಕಲ್ಲಿನ ಗೋಡೆಗೆ ಅಂಗೈ ಒತ್ತಿ ಅದರ ಒರಟು ಗಮನಿಸುವುದು, ಒಣ ಮುರುಗಲು ಸಿಪ್ಪೆಯ ಚೂರು ನಾಲಿಗೆ ಮೇಲಿಟ್ಟುಕೊಳ್ಳುವುದು. ಆ ಹುಳಿ ಕ್ಷಣದಲ್ಲಿ ಈಗಿನ ಹೊತ್ತಿಗೆ ಎಳೆದು ತರುತ್ತದೆ.

ಮಾತ್ರೆಗೆ ಹೆದರುವವರೂ ಇದ್ದಾರೆ, ಅದನ್ನೇ ನೆಚ್ಚುವವರೂ ಇದ್ದಾರೆ. ಸರ್ಟ್ರಲಿನ್‌ನಂಥ ಖಿನ್ನತೆಯ ಮಾತ್ರೆಗಳು ಪಿಟಿಎಸ್‌ಡಿಗೆ ನೆರವಾಗುತ್ತವೆ, ಪರಿಣಾಮ ಕಾಣಲು ಕೆಲವು ವಾರ ಬೇಕು. ಆಲ್‌ಪ್ರಜೋಲಾಮ್, ಕ್ಲೋನಜೆಪಾಮ್ ಥರದ ಆತಂಕದ ಮಾತ್ರೆಗಳು ತಕ್ಷಣ ಶಾಂತಗೊಳಿಸುತ್ತವಾದರೂ ಆಘಾತವನ್ನು ಗುಣಪಡಿಸುವುದಿಲ್ಲ, ಚಟ ಹಿಡಿಸುತ್ತವೆ. ತಿಂಗಳುಗಳಿಂದ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸುವುದು ಅಪಾಯ. ಡಾಕ್ಟರ ಹತ್ತಿರವೇ ಇಳಿಸುವ ಲೆಕ್ಕ ಕೇಳಬೇಕು.

ಆರರಿಂದ ಎಂಟು ಸೆಷನ್ ಆದಮೇಲೆ ಕೂತು ನೋಡಿ: ನಿದ್ದೆ, ಸಿಟ್ಟು, ಮರಗಟ್ಟುವಿಕೆ ಯಾವುದರಲ್ಲಾದರೂ ಕೂದಲೆಳೆಯಷ್ಟಾದರೂ ಬದಲಾವಣೆ ಇದೆಯೇ? ಒಮ್ಮೆ ತಪ್ಪಾದಾಗ ಥೆರಪಿಸ್ಟ್ ಒಪ್ಪಿಕೊಂಡರೇ, ಇಲ್ಲ ನಿಮ್ಮನ್ನೇ ದೂರಿದರೇ? ಬದಲಿಸಬೇಕು ಎನ್ನಿಸಿದರೆ ನೇರವಾಗಿ ಹೇಳಿ, ಕೊನೆಯ ಒಂದು ಸೆಷನ್ ಕೇಳಿ ಪಡೆಯಿರಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಕಲಮಿನಲ್ಲಿ ನಿಮ್ಮ ದಾಖಲೆ ಕೇಳುವ ಹಕ್ಕಿದೆ. ಒಂದು ಪುಟದ ಸಾರಾಂಶ ಬರೆಸಿಕೊಳ್ಳಿ: ಯಾವ ವಿಧಾನ, ಎಲ್ಲಿಗೆ ಬಂದಿದೆ, ಯಾವುದು ಸಹಿಸಲಾಗಲಿಲ್ಲ. ಅದು ಕೈಲಿದ್ದರೆ ಹೊಸಬರ ಮುಂದೆ ಮೊದಲ ದಿನವೇ ಎಲ್ಲವನ್ನೂ ಬಾಯಿಬಿಟ್ಟು ಹೇಳುವ ಕೆಲಸ ಬೀಳುವುದಿಲ್ಲ.