ಗಾರ್ಮೆಂಟ್ಸ್‌ನಲ್ಲಿ ಕೆಲಸವೇ? ಯೂನಿಯನ್ ಸೇರುವುದು ಹೀಗೆ

ಕೆಲಸ ಹೋದ ಮೇಲೆ ಯೂನಿಯನ್ ಹುಡುಕಿಕೊಂಡು ಬರುವವರೇ ಜಾಸ್ತಿ. ಅಷ್ಟರಲ್ಲಿ ರಾಜೀನಾಮೆ ಪತ್ರಕ್ಕೆ ಸಹಿ ಬಿದ್ದಿರುತ್ತದೆ, ಹೊಲಿಗೆ ಲೈನ್‌ನಲ್ಲಿ ಜೊತೆಗಿದ್ದ ಗೆಳತಿಯರು ಚದುರಿಹೋಗಿರುತ್ತಾರೆ. ಆಗಲೂ ಸಂಘ ಕೈಬಿಡುವುದಿಲ್ಲ, ಆದರೆ ಮಾಡಲು ಉಳಿದಿರುವುದು ಕಡಿಮೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಯುವ ಅಕ್ಕತಂಗಿಯರಿಗೆ ಅದಕ್ಕೇ ಹೇಳುವುದು: ಎಲ್ಲ ಸರಿಯಿರುವಾಗಲೇ ಸೇರಿ.

ಮೊದಲ ಕೆಲಸ, ಪೇ ಸ್ಲಿಪ್ ಓದುವುದು. ಬೇಸಿಕ್ (ಮೂಲ ಸಂಬಳ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 12,000 ರೂಪಾಯಿ, ಬೇರೆ ಭತ್ಯೆ ಇಲ್ಲ ಅಂದುಕೊಳ್ಳಿ. ನಿಮ್ಮಿಂದ ಪಿಎಫ್‌ಗೆ (ಭವಿಷ್ಯ ನಿಧಿ) ಶೇ 12, ಅಂದರೆ 1,440 ರೂಪಾಯಿ ಹೋಗುತ್ತದೆ. ಕಾಯಿಲೆ ಬಿದ್ದಾಗ ಚಿಕಿತ್ಸೆ ಸಿಗುವ ಇಎಸ್‌ಐ ವಿಮೆಗೆ ಶೇ 0.75, ಅಂದರೆ 90 ರೂಪಾಯಿ. ಮಾಲೀಕರೂ ಪಿಎಫ್‌ಗೆ ಇನ್ನೊಂದು 1,440 ಕಟ್ಟಬೇಕು. ಅದರಲ್ಲಿ ಸುಮಾರು 1,000 ಪಿಂಚಣಿ ಖಾತೆಗೆ, ಉಳಿದದ್ದು ನಿಮ್ಮ ಪಿಎಫ್‌ಗೆ. ಮೊಬೈಲಿನಲ್ಲಿ ಉಮಂಗ್ ಆ್ಯಪ್ ತೆರೆದು, ಪಿಎಫ್ ಪಾಸ್‌ಬುಕ್‌ನಲ್ಲಿ ನಿಮ್ಮ ಪಾಲು, ಮಾಲೀಕರ ಪಾಲು, ಪಿಂಚಣಿ, ಈ ಮೂರೂ ಅಂಕಿ ಬಂದಿವೆಯೇ ನೋಡಿ. ಓದಲು ಬಾರದಿದ್ದರೆ ಮಗಳನ್ನೋ ಪಕ್ಕದ ಮನೆಯ ಹುಡುಗನನ್ನೋ ಕೂರಿಸಿಕೊಳ್ಳಿ. ಓಟಿಗೆ, ಅಂದರೆ ಹೆಚ್ಚುವರಿ ಹೊತ್ತಿನ ಕೆಲಸಕ್ಕೆ, ದುಪ್ಪಟ್ಟು ಸಂಬಳ ಕೊಡಬೇಕು. ಟಾರ್ಗೆಟ್ ಮುಗಿಯಲಿಲ್ಲ ಅಂತ ಹೊರಟಂತೆ ಪಂಚ್ ಔಟ್ ಮಾಡಿಸಿ ಮತ್ತೆ ಮೆಷಿನ್ ಮುಂದೆ ಕೂರಿಸಿದರೆ ಅದೂ ಓಟಿಯೇ. ದಿನಾಂಕ, ನಿಮಿಷ ಬರೆದಿಡಿ.

ಲೆಕ್ಕ ತಪ್ಪಿದೆ ಎಂದು ಒಬ್ಬರೇ ಎಚ್‌ಆರ್ ಹತ್ತಿರ ಹೋದರೆ ಏನಾಗುತ್ತದೆ ಗೊತ್ತಲ್ವಾ? ಮರುದಿನವೇ ಬೇರೆ ಲೈನ್, ಕಷ್ಟದ ಹೊಲಿಗೆ ಕೆಲಸ. ಅದೇ ಲೆಕ್ಕವನ್ನು ಐವತ್ತು ಜನರ ಸ್ಲಿಪ್ ಸೇರಿಸಿ ಸಂಘದ ಲೆಟರ್‌ಹೆಡ್‌ನಲ್ಲಿ ಕೊಟ್ಟರೆ ಯಾರನ್ನು ಲೈನ್ ಬದಲಿಸುತ್ತಾರೆ?

2016ರ ಏಪ್ರಿಲ್‌ನಲ್ಲಿ ಪಿಎಫ್ ಹಿಂಪಡೆಯುವ ನಿಯಮ ಬಿಗಿ ಮಾಡಿದಾಗ ಗಾರ್ಮೆಂಟ್ಸ್ ಹೆಂಗಸರು ತಾವಾಗಿಯೇ ಹೊಸೂರು ರಸ್ತೆಗಿಳಿದರು. ಕೇಂದ್ರ ಸರ್ಕಾರ ಆ ನಿಯಮ ಕೈಬಿಟ್ಟಿತು. ದೊಡ್ಡ ಗೆಲುವು. ಆದರೆ ತಿಂಗಳು ತಿಂಗಳು ಬಾಕಿ ಬೀಳುವ ಓಟಿಗೆ ರಸ್ತೆಗಿಳಿಯಲು ಆಗುವುದಿಲ್ಲ. ಅದಕ್ಕೆ ಮ್ಯಾನೇಜರ್ ಎದುರು ಕೂತು ಮಾತಾಡುವವರು ಬೇಕು. 2020ರಲ್ಲಿ ಶ್ರೀರಂಗಪಟ್ಟಣದ ಒಂದು ಕಾರ್ಖಾನೆ ಮುಚ್ಚಿ 1,200ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಬಿಡದೆ ಹೋರಾಡಿತು. 2021ರ ಫೆಬ್ರುವರಿಯಲ್ಲಿ, ಅದೇ ಕಂಪನಿಯ ಬೇರೆ ಘಟಕಗಳಲ್ಲಿ ಅವರಿಗೆ ಕೆಲಸ ಕೊಡುವ ಒಪ್ಪಂದ ಆಯಿತು. ಸಂಘ ಮೊದಲೇ ಇದ್ದದ್ದರಿಂದ ಇದು ಸಾಧ್ಯವಾಯಿತು ಎಂದೇ ನಾನು ನಂಬುತ್ತೇನೆ.

ಯಾವ ಸಂಘ ಸೇರುವುದು? ಬಾವುಟದ ಬಣ್ಣ ಆಮೇಲೆ ನೋಡಿ. ನೋಂದಣಿ ಸಂಖ್ಯೆ ಕೇಳಿ. ಲೆಕ್ಕಪತ್ರವನ್ನು ವರ್ಷಕ್ಕೊಮ್ಮೆ ಸದಸ್ಯರ ಮುಂದೆ ಇಡುತ್ತಾರೆಯೇ ಕೇಳಿ. ಸಮಿತಿಯಲ್ಲಿ ಮೆಷಿನ್ ತುಳಿಯುವ ಹೆಂಗಸರು ಎಷ್ಟು ಜನ ಇದ್ದಾರೆ ಅಂತಲೂ ಕೇಳಿ. ಈ ಕಡೆಯ ಪ್ರಶ್ನೆ ನನಗೆ ಬಹಳ ಮುಖ್ಯ. ಸೂಪರ್‌ವೈಸರ್ ಬೈಗುಳ, ಶೌಚಾಲಯಕ್ಕೆ ಬಿಡದಿರುವುದು, ಕೆಟ್ಟದಾಗಿ ಕೈ ತಾಗಿಸುವುದು, ಇವನ್ನೆಲ್ಲ ಗಂಡಸರೇ ತುಂಬಿದ ಕಚೇರಿಯಲ್ಲಿ ಬಾಯಿಬಿಟ್ಟು ಹೇಳುವುದು ಸುಲಭವಲ್ಲ.

ಸೇರುವುದು ಸುಲಭ. ಫಾರಂ ತುಂಬಿ, ಚಂದಾ ಕಟ್ಟಿ, ರಸೀದಿ ತಪ್ಪದೆ ತೆಗೆದುಕೊಳ್ಳಿ. ಫ್ಯಾಕ್ಟರಿಯೊಳಗೆ ಡಂಗುರ ಸಾರಬೇಡಿ. ಊಟದ ಹೊತ್ತಲ್ಲಿ, ಬಸ್ಸಿನಲ್ಲಿ, ನಂಬಿಕೆಯ ಒಬ್ಬಿಬ್ಬರ ಹತ್ತಿರ ಮಾತಾಡಿ. ನಿಮ್ಮಲ್ಲಿ ಸಂಘವೇ ಇಲ್ಲದಿದ್ದರೆ ಹೊಸದು ಕಟ್ಟಬಹುದು. ನೋಂದಣಿಗೆ ಕನಿಷ್ಠ ಏಳು ಜನ ಅರ್ಜಿ ಹಾಕಬೇಕು. ಜೊತೆಗೆ ಕೆಲಸಗಾರರಲ್ಲಿ ಶೇ 10 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು.

ಸಂಘ ಸೇರಿದ್ದಕ್ಕೆ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ. ಸಂವಿಧಾನದ 19ನೇ ವಿಧಿಯೇ ಸಂಘ ಕಟ್ಟುವ ಹಕ್ಕು ಕೊಟ್ಟಿದೆ. ಆದರೂ ಕಿರುಕುಳ ಕೊಡುವವರು ಇದ್ದಾರೆ. ಯಾರು, ಯಾವತ್ತು, ಏನಂದರು, ಪಕ್ಕದಲ್ಲಿ ಯಾರಿದ್ದರು ಎಂದು ಅವತ್ತೇ ಬರೆದಿಡಿ. ಖಾಲಿ ಹಾಳೆಗೆ ಸಹಿ ಹಾಕಲೇಬೇಡಿ. ಸಂಘದ ಮೂಲಕ ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟಾಗ ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಮ್ಯಾನೇಜರ್ ಪತ್ರ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಅಂಚೆ ರಸೀದಿಯನ್ನು ಚಂದಾ ರಸೀದಿ ಜೊತೆಗೇ ಇಡಿ.