ಸುಲಿಯದೆ ಉಳಿಸಿಕೊಂಡ ಪಾಲಿಶ್: ಎಡಿಸನ್ ಫೋನೋಗ್ರಾಫ್ ಜೊತೆ ನನ್ನ ಅನುಭವ

ಹಳೆಯ ಫೋನೋಗ್ರಾಫ್, ಅಂದರೆ ಕೀಲಿ ಕೊಟ್ಟು ಹಾಡು ಕೇಳುವ ಯಂತ್ರ, ಕೈಗೆ ಸಿಕ್ಕರೆ ಬಹಳ ಜನ ಮೊದಲು ಪೇಂಟ್ ರಿಮೂವರ್ ಹಚ್ಚುತ್ತಾರೆ, ಆಮೇಲೆ ಸ್ಯಾಂಡ್ ಪೇಪರ್ ಹಾಕಿ ಉಜ್ಜಿ ಪಾಲಿಯುರೆಥೇನ್ ಬಳಿಯುತ್ತಾರೆ. ಪೆಟ್ಟಿಗೆ ಥಳಥಳ ಅನ್ನುತ್ತದೆ, ನಿಜ. ಆದರೆ ಕಾರ್ಖಾನೆಯಲ್ಲಿ ಬಳಿದ ಪಾಲಿಶ್ ಒಮ್ಮೆ ಹೋದರೆ ಹೋಯಿತು, ಸಂಗ್ರಾಹಕರ ಲೆಕ್ಕದಲ್ಲಿ ಬೆಲೆಯೂ ಬಿತ್ತು. ನನ್ನ ಮಟ್ಟಿಗೆ ಸುಲಿಯುವುದು ಕೊನೆಯ ದಾರಿ, ಅದೂ ಮರ ಪೂರ್ತಿ ಬೋಳಾಗಿದ್ದರೆ ಮಾತ್ರ.

ನಾನಿರುವುದು ನ್ಯೂಜೆರ್ಸಿಯಲ್ಲಿ. ಎಡಿಸನ್ 1877ರಲ್ಲಿ ಮೊದಲ ಫೋನೋಗ್ರಾಫ್ ಮಾಡಿದ್ದು ಇಲ್ಲಿನ ಮೆನ್ಲೋ ಪಾರ್ಕಿನಲ್ಲಿ. 1887ರ ವೆಸ್ಟ್ ಆರೆಂಜ್ ಪ್ರಯೋಗಾಲಯ ಈಗ ರಾಷ್ಟ್ರೀಯ ಉದ್ಯಾನದವರ ಕೈಯಲ್ಲಿದೆ. ನನ್ನದು ಎಡಿಸನ್ ಸ್ಟ್ಯಾಂಡರ್ಡ್, ಸಿಲಿಂಡರ್ (ಕೊಳವೆ) ಆಕಾರದ ರೆಕಾರ್ಡ್ ಹಾಕುವ ಯಂತ್ರ. ಓಕ್ ಮರದ ಪೆಟ್ಟಿಗೆ, ಮುಂದುಗಡೆ ಪಟ್ಟಿಯ ಆಕಾರದಲ್ಲಿ ಹೊಂಬಣ್ಣದ ಡೆಕಾಲ್, ಅಂದರೆ ಅಂಟಿಸಿದ ಚಿತ್ರ. ಹಳೆ ಮನೆಯೊಂದರ ಸಾಮಾನು ಮಾರಾಟದಲ್ಲಿ ಸಿಕ್ಕಿದಾಗ ಅದು ಓಕ್ ಅಂತಲೇ ಗೊತ್ತಾಗುತ್ತಿರಲಿಲ್ಲ, ಅಷ್ಟು ಕಪ್ಪು. ಮುಚ್ಚಳದ ಮೇಲಿನ ಪಾಲಿಶ್ ಬತ್ತಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು.

ಮೊದಲು ಸ್ಪ್ರಿಂಗಿನ ಕೀಲಿ ಪೂರ್ತಿ ಬಿಚ್ಚಿಕೊಳ್ಳಲು ಬಿಟ್ಟು, ಯಂತ್ರವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದೆ. ಕೀಲಿ ಕೊಟ್ಟಿರುವ ಸ್ಪ್ರಿಂಗಿನ ಹತ್ತಿರ ಸ್ಪ್ಯಾನರ್ ಹಿಡಿದು ಹೋಗಬೇಡಿ, ಬೆರಳು ಹೋಗುತ್ತದೆ. ಕಬ್ಬಿಣದ ತಟ್ಟೆಯ ಮೇಲಿರುವ ಚಿನ್ನದ ಗೆರೆಗಳಿಗೆ ಡಿನೇಚರ್ಡ್ ಸ್ಪಿರಿಟ್ (ಆಲ್ಕೋಹಾಲ್) ತಾಗಿದರೆ ಅವು ಬಟ್ಟೆಗೆ ಬಂದುಬಿಡುತ್ತವೆ. ಅದಕ್ಕೇ ಆ ಭಾಗ ಬೇರೆ ಕೋಣೆಯಲ್ಲೇ ಇರಲಿ.

ಕಪ್ಪೆಲ್ಲ ಪಾಲಿಶ್ ಅಲ್ಲ. ಹೊಗೆ, ಎಣ್ಣೆ, ಕೈ ಜಿಡ್ಡು. ಮಿನರಲ್ ಸ್ಪಿರಿಟ್ (ಪೇಂಟ್ ತೆಳು ಮಾಡುವ ಎಣ್ಣೆ) ಅದ್ದಿದ ಹತ್ತಿ ಬಟ್ಟೆಯಲ್ಲಿ ಒರೆಸಿದೆ, ಅದು ಶೆಲ್ಯಾಕನ್ನು, ಅಂದರೆ ಅರಗಿನ ಪಾಲಿಶನ್ನು, ಕರಗಿಸುವುದಿಲ್ಲ. ಉಳಿದ ಜಿಡ್ಡಿಗೆ ಮೆಕ್ಯಾನಿಕ್‌ಗಳು ಕೈ ತೊಳೆಯುವ ಬಿಳಿ ಕ್ರೀಮು ಸಾಕು, ಪ್ಯೂಮಿಸ್ ಎಂಬ ತರಿ ಕಲ್ಲಿನ ಪುಡಿ ಇಲ್ಲದ್ದು. ಅಂಗೈಯಗಲ ಜಾಗಕ್ಕೆ ಹಚ್ಚಿ, ಬೆರಳಲ್ಲಿ ತಿಕ್ಕಿ, ತಕ್ಷಣ ಒರೆಸಿ ಮುಂದಕ್ಕೆ ಹೋಗಬೇಕು. ಬಟ್ಟೆ ಕಾಫಿ ಬಣ್ಣಕ್ಕೆ ತಿರುಗಿ, ಓಕಿನ ಬೆಳ್ಳಿ ಗೆರೆಗಳು ಕಾಣತೊಡಗಿದವು. ಅರ್ಧ ಕೆಲಸ ಅಲ್ಲೇ ಮುಗಿದಿತ್ತು. ನೀರು ಹಾಕಿ ತೊಳೆಯಬಾರದು, ಮರದ ಜೋಡಣೆಗೆ ಹಾಕಿದ ಹಳೆಯ ಚರ್ಮದ ಅಂಟು (ವಜ್ರ) ಬಿಟ್ಟುಕೊಳ್ಳುತ್ತದೆ. ಉಕ್ಕಿನ ನಾರೂ ಓಕಿಗೆ ಆಗದು: ಮುರಿದ ಎಳೆ ಮರದ ರಂಧ್ರದಲ್ಲಿ ಉಳಿದು ತೇವ ತಾಗಿದರೆ, ಓಕಿನ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಶಾಯಿಯಂಥ ಕಪ್ಪು ಚುಕ್ಕೆ ಕೂರುತ್ತದೆ.

ಮೇಲಿನ ಪಾಲಿಶ್ ಯಾವುದು ಅಂತ ತಿಳಿಯದೆ ಮುಂದೆ ಹೋಗಬಾರದು. ಪೆಟ್ಟಿಗೆಯ ಹಿಂಭಾಗದ ಕೆಳ ಅಂಚಿಗೆ ಡಿನೇಚರ್ಡ್ ಸ್ಪಿರಿಟ್ಟಿನ ಒಂದು ತೊಟ್ಟು ಹಾಕಿ ನೋಡಿದೆ (ಮುಂದೆ ಬರೀ ಸ್ಪಿರಿಟ್ ಅಂದರೆ ಇದೇ). ಅಂಟಂಟಾಯಿತು, ಅಂದರೆ ಶೆಲ್ಯಾಕ್. ಸ್ಪಿರಿಟ್ಟಿಗೆ ಜಗ್ಗದೆ ಲ್ಯಾಕರ್ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಬಗ್ಗದಿದ್ದರೆ ವಾರ್ನಿಷ್, ಆಗ ಮುಂದೆ ಹೇಳುವುದು ಯಾವುದೂ ನಡೆಯುವುದಿಲ್ಲ.

ಶೆಲ್ಯಾಕ್ ಅಂದರೆ ನಮ್ಮ ಅರಗು. ಮುತ್ತುಗದಂಥ ಮರಗಳ ಮೇಲೆ ಸಣ್ಣ ಹುಳು ಕಟ್ಟುವ ಅಂಟು, ಹೆಚ್ಚಿನದು ಜಾರ್ಖಂಡಿನಿಂದ ಬರುತ್ತದೆ. ಚನ್ನಪಟ್ಟಣದ ಗೊಂಬೆಗೆ ಮೆತ್ತುವುದೂ ಇದನ್ನೇ. ಇದರ ದೊಡ್ಡ ಗುಣ ಅಂದರೆ ಎಷ್ಟೇ ಹಳೆಯದಾದರೂ ಸಾಮಾನ್ಯವಾಗಿ ಸ್ಪಿರಿಟ್ಟಿಗೆ ಮತ್ತೆ ಕರಗುತ್ತದೆ. ಹಾಗಾಗಿ ಹಳೆಯ ಪದರವನ್ನು ಕಿತ್ತು ಹಾಕುವ ಬದಲು ಕರಗಿಸಿ ಮತ್ತೆ ಕೂರಿಸಬಹುದು.

ಮುಚ್ಚಳಕ್ಕೆ ನಾನು ಮಾಡಿದ್ದು ಅದನ್ನೇ. ಮೆತ್ತನೆಯ ಅಗಲ ಬ್ರಷ್ಷನ್ನು ಸ್ಪಿರಿಟ್ಟಿಗೆ ಅದ್ದಿ, ಹಿಂಡಿ, ಮರದ ಎಳೆಯ ದಿಕ್ಕಿನಲ್ಲಿ ಒಂದೇ ಸಲ ಎಳೆದೆ. ಎಳೆದ ಜಾಗಕ್ಕೆ ತಕ್ಷಣ ವಾಪಸ್ ಹೋದರೆ ಬ್ರಷ್ ಅಂಟಿಕೊಂಡು ಪದರ ಎದ್ದು ಬರುತ್ತದೆ. ಬಿರುಕಿನ ಅಂಚುಗಳು ಮೆತ್ತಗಾಗಿ, ತಗ್ಗಿ, ಒಂದಕ್ಕೊಂದು ಕೂಡಿಕೊಂಡವು. ಪೂರ್ತಿ ಒಣಗಲು ಬಿಟ್ಟು ಮತ್ತೊಂದು ಸುತ್ತು ಹಾಕಿದೆ. ಆಳದ ಬಿರುಕುಗಳ ಗುರುತು ಈಗಲೂ ಇದೆ, ಅದು ಇರಲಿ ಅಂತಲೇ ಬಿಟ್ಟೆ. ಇಲ್ಲಿನ ಜುಲೈ ತಿಂಗಳ ಸೆಕೆಯಲ್ಲಿ ಈ ಕೆಲಸ ಬೇಡ; ಗಾಳಿಯ ತೇವಕ್ಕೆ ಶೆಲ್ಯಾಕ್ ಬಿಳಿಚಿಕೊಳ್ಳುತ್ತದೆ. ಕಿಟಕಿ ತೆಗೆದಿರಲಿ, ಹತ್ತಿರ ಬೆಂಕಿ ಬೇಡ.

ಡೆಕಾಲ್ ಇರುವ ಜಾಗಕ್ಕೆ ಬ್ರಷ್ಷೂ ಇಲ್ಲ, ಸ್ಪಿರಿಟ್ಟೂ ಇಲ್ಲ. ಅದರ ಸುತ್ತ ಬೆರಳಗಲ ಜಾಗ ಬಿಟ್ಟೆ. ಡೆಕಾಲ್ ಮೇಲಿನ ಕೊಳೆಯನ್ನು ಹೊಲಿಗೆ ಯಂತ್ರದ ಎಣ್ಣೆ ತಾಗಿಸಿದ ಹತ್ತಿಯಲ್ಲಿ ಒತ್ತಿ ಒತ್ತಿ ತೆಗೆದೆ. ಎಳೆದು ಉಜ್ಜಿದರೆ ಬಂಗಾರದ ಬಣ್ಣವೇ ಬಂದುಬಿಡುತ್ತದೆ.

ಕೆಳಗಿನ ಅಂಚುಪಟ್ಟಿಯಲ್ಲಿ ಪಾಲಿಶ್ ಸವೆದು ಮರ ಬೆಳ್ಳಗೆ ಕಾಣುತ್ತಿತ್ತು. ಅಲ್ಲಿಗೆ ಹೊಸ ಶೆಲ್ಯಾಕ್ ಬೇಕಾಯಿತು. ಡಬ್ಬಿಯಲ್ಲಿ ಕಲಸಿ ಸಿಗುವುದಕ್ಕಿಂತ ಚಕ್ಕೆ ತಂದು ನೆನೆಸುವುದೇ ಒಳ್ಳೆಯದು. ತಿಂಗಳುಗಟ್ಟಲೆ ಇಟ್ಟ ದ್ರಾವಣ ಗಟ್ಟಿಯಾಗಿ ಒಣಗುವುದೇ ಇಲ್ಲ. ಲೀಟರ್ ಸ್ಪಿರಿಟ್ಟಿಗೆ ಸುಮಾರು 120 ಗ್ರಾಂ ಲೆಕ್ಕದಲ್ಲಿ ತೆಳ್ಳಗೆ ಕಲಸಿದೆ. ಬಣ್ಣ ಹೊಂದಲಿ ಅಂತ ಗಾರ್ನೆಟ್ ಎಂಬ ಬಗೆಯ ಚಕ್ಕೆ, ಅದರ ಕೆಂಗಂದು ಹಳೆಯ ಓಕಿಗೆ ಸರಿಹೋಗುತ್ತದೆ. ಉಂಡೆ ಕಟ್ಟಿದ ಬಟ್ಟೆಯಲ್ಲಿ ತೆಳುವಾಗಿ ಸವರುತ್ತ, ಪಕ್ಕದ ಬಣ್ಣಕ್ಕೆ ಬರುವ ಹೊತ್ತಿಗೆ ನಿಲ್ಲಿಸಿದೆ. ಹಿಂಬದಿಯಲ್ಲೊಂದು ಕಪ್ಪು ನೀರಿನ ಕಲೆ ಇದೆ. ಆಕ್ಸಾಲಿಕ್ ಆಮ್ಲ ಹಾಕಿದರೆ ಹೋದೀತು, ಆದರೆ ಅದಕ್ಕೆ ಅಲ್ಲಿನ ಪಾಲಿಶ್ ತೆಗೆಯಬೇಕು. ಗೋಡೆಯ ಕಡೆಗಿರುವ ಕಲೆಗೆ ಅಷ್ಟು ದಂಡ ಯಾಕೆ?

ಶೆಲ್ಯಾಕ್ ಚೆನ್ನಾಗಿ ಗಟ್ಟಿಯಾದ ಮೇಲೆ ಪೇಸ್ಟ್ ಮೇಣವನ್ನು ತೆಳ್ಳಗೆ ಹಚ್ಚಿ ಬಟ್ಟೆಯಲ್ಲಿ ಹೊಳಪು ತಂದೆ. ಸಿಲಿಕೋನ್ ಇರುವ ಸ್ಪ್ರೇ ಪಾಲಿಶ್ ಮಾತ್ರ ತರಬೇಡಿ: ಮುಂದೆ ಯಾರಾದರೂ ಹೊಸ ಪದರ ಹಚ್ಚಲು ಹೋದರೆ ಅದು ಕೂರದೆ ಚುಕ್ಕೆ ಚುಕ್ಕೆಯಾಗಿ ಬಿಟ್ಟುಕೊಳ್ಳುತ್ತದೆ.