ರಾ ಡೆನಿಮ್ ಜೀನ್ಸ್: ಹಾಕಿ, ಒಗೆದು, ಹೊಲಿದು

ಅಂಗಡಿಯಲ್ಲಿ ಸಿಗುವ ಜೀನ್ಸ್ ನಮ್ಮ ಕೈಗೆ ಬರುವ ಮೊದಲೇ ಹಳೇದಾಗಿರುತ್ತದೆ. ಕಲ್ಲು ಹಾಕಿ ಮೆಷಿನ್‌ನಲ್ಲಿ ತಿರುಗಿಸಿ, ಮರಳುಕಾಗದದಲ್ಲಿ ಉಜ್ಜಿ, ಈಗೀಗ ಲೇಸರ್ ಹೊಡೆದು, ಯಾರೋ ವರ್ಷಗಟ್ಟಲೆ ಹಾಕಿದ ಹಾಗೆ ಮಾಡಿರುತ್ತಾರೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳ ಜೊತೆಗೇ ವಾಷಿಂಗ್ ಯೂನಿಟ್‌ಗಳೂ ಇರೋದು ಇದಕ್ಕೇ. ರಾ ಡೆನಿಮ್‌ಗೆ ಈ ಯಾವ ಉಪಚಾರವೂ ಇಲ್ಲ. ನೇಯ್ದ ಬಟ್ಟೆಯನ್ನು ಒಗೆಯದೆ ಹಾಗೇ ಕತ್ತರಿಸಿ ಹೊಲಿದಿರುತ್ತಾರೆ. ಗಾಢ ನೀಲಿ, ರಟ್ಟಿನಂಥ ಬಿರುಸು. ನಾನು ಮೊದಲ ಸಲ ತಂದಾಗ ಅಮ್ಮ ಮುಟ್ಟಿ ನೋಡಿ, "ಇದೇನೋ, ಬಿಟ್ರೆ ತಾನೇ ನಿಂತ್ಕೊಳ್ಳುತ್ತಲ್ಲೋ" ಅಂದಿದ್ದರು. ನಿಜ, ನಿಂತುಕೊಂಡಿತ್ತು.

ಕೊಳ್ಳುವಾಗ ಎರಡೇ ವಿಷಯ ನೋಡುತ್ತೇನೆ. ಒಂದು ತೂಕ. ಡೆನಿಮ್ ತೂಕವನ್ನು ಒಂದು ಚದರ ಗಜಕ್ಕೆ ಇಷ್ಟು ಔನ್ಸ್ ಅಂತ ಹೇಳುತ್ತಾರೆ. ಜಪಾನಿನ ಕೆಲವು ಜೀನ್ಸ್ 20 ಔನ್ಸ್ ದಾಟುತ್ತವೆ. ನಮ್ಮ ಸೆಖೆಗೆ ಅದು ಶಿಕ್ಷೆ, 12–13 ಔನ್ಸ್ ಸಾಕು. ಇನ್ನೊಂದು, ಬಟ್ಟೆ ಸ್ಯಾನ್‌ಫರೈಸ್ ಆಗಿದೆಯಾ, ಅಂದರೆ ಮಿಲ್‌ನಲ್ಲೇ ಮೊದಲೇ ಕುಗ್ಗಿಸಿದ್ದಾರಾ ಅಂತ. ಆಗಿದ್ದರೆ ಒಗೆದಾಗ ಹೆಚ್ಚು ಕುಗ್ಗುವುದಿಲ್ಲ. ಆಗಿಲ್ಲದ ಬಟ್ಟೆ ನೂರಕ್ಕೆ 10ರವರೆಗೂ ಕುಗ್ಗಬಹುದು, ಅದನ್ನು ನೀರಲ್ಲಿ ನೆನೆಸಿ ಒಣಗಿಸಿದ ಮೇಲೇ ಉದ್ದ ಕತ್ತರಿಸಬೇಕು. ಅಂಚು ಬಿಚ್ಚಿಕೊಳ್ಳದ ಹಾಗೆ ನೇಯ್ದ, ಹೆಚ್ಚಾಗಿ ಅಂಚಲ್ಲಿ ಕೆಂಪು ಗೆರೆ ಇರುವ ಸೆಲ್ವೆಜ್ ಬಟ್ಟೆಗೆ ಎಲ್ಲರೂ ಜಪಾನಿನ ಕೊಜಿಮಾ ಊರಿನ ಹೆಸರು ಹೇಳುತ್ತಾರೆ. ಅಹಮದಾಬಾದಿನ ಅರವಿಂದ್ ಮಿಲ್ ಕೂಡ ಅದನ್ನು ನೇಯುತ್ತದೆ, ಬೆಲೆಯೂ ಕಮ್ಮಿ.

ಬಣ್ಣ ಹೋಗುವ ಗುಟ್ಟು ನೂಲಿನಲ್ಲಿದೆ. ಉದ್ದಕ್ಕೆ ಹೋಗುವ ಹಾಸು ನೂಲು ನೀಲಿ, ಅಡ್ಡಕ್ಕೆ ಹೋಗುವ ಹೊಕ್ಕು ನೂಲು ಬಿಳಿ. ಹಾಸು ನೂಲನ್ನು ಹಗ್ಗದ ಹಾಗೆ ಒಟ್ಟುಮಾಡಿ ಇಂಡಿಗೊ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಾರೆ. ಹೊರಬಂದಾಗ ಹಳದಿ-ಹಸಿರು, ಗಾಳಿ ತಾಗಿದ ಮೇಲೆ ನೀಲಿ. ಹೀಗೆ ಮತ್ತೆ ಮತ್ತೆ ಅದ್ದಿದರೂ ಬಣ್ಣ ನೂಲಿನ ಒಳಗೆ ಪೂರ್ತಿ ಇಳಿಯುವುದಿಲ್ಲ, ನಡುವೆ ಬಿಳಿ ಉಳಿಯುತ್ತದೆ. ಎಲ್ಲಿ ಉಜ್ಜುತ್ತದೋ ಅಲ್ಲಿ ಮೇಲಿನ ನೀಲಿ ಉದುರಿ ಆ ಬಿಳಿ ಕಾಣುತ್ತದೆ. ನನ್ನದರಲ್ಲಿ ತೊಡೆಸಂದಿಯಿಂದ ಹೊರಟ ಗೆರೆಗಳು ಸ್ಕೂಟರ್ ಮೇಲೆ ಕೂತು ಬಿದ್ದವು. ಮೊಣಕಾಲ ಹಿಂದೆ ಜೇನುಗೂಡಿನಂಥ ಗುರುತು. ಎಡ ಜೇಬಲ್ಲಿ ಫೋನಿನ ನಾಲ್ಕು ಮೂಲೆ ಅಚ್ಚೊತ್ತಿದೆ. ಬಿಳಿ ಸೋಫಾ ಇರುವ ನೆಂಟರ ಮನೆಗೆ ಮಾತ್ರ ಮೊದಲ ತಿಂಗಳುಗಳಲ್ಲಿ ಈ ಪ್ಯಾಂಟ್ ಹಾಕಿಕೊಂಡು ಹೋಗಬೇಡಿ.

ಈಗ ಜಗಳದ ವಿಷಯ. ಈ ಗೆರೆಗಳು ಚೆನ್ನಾಗಿ ಬರಲಿ ಅಂತ ರಾ ಡೆನಿಮ್ ಹುಚ್ಚಿರುವವರು ಆರು ತಿಂಗಳು ಒಗೆಯಬೇಡಿ ಅನ್ನುತ್ತಾರೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ 15 ತಿಂಗಳು ಒಗೆಯದೆ ಹಾಕಿದ ಜೀನ್ಸ್ ಪರೀಕ್ಷೆ ಮಾಡಿದಾಗ, ಎರಡು ವಾರ ಹಾಕಿದ್ದರಲ್ಲಿ ಇದ್ದಷ್ಟೇ ಬ್ಯಾಕ್ಟೀರಿಯಾ ಇತ್ತಂತೆ. ಇರಲಿ. ನನ್ನ ತಕರಾರು ಬ್ಯಾಕ್ಟೀರಿಯಾದ್ದಲ್ಲ, ಬೆವರು ಮತ್ತು ಧೂಳಿನದ್ದು. ನೂಲಿನ ನಡುವೆ ಸೇರಿಕೊಂಡ ಮಣ್ಣಿನ ಕಣ ಹೆಜ್ಜೆ ಹೆಜ್ಜೆಗೂ ನೂಲನ್ನು ತಿನ್ನುತ್ತದೆ. ಕೆನಡಾದ ಚಳಿಯಲ್ಲಿ ನಡೆಯೋದು ಬೆಂಗಳೂರಿನ ಧೂಳಲ್ಲಿ ನಡೆಯಲ್ಲ. ಕರಾವಳಿಯ ಮಳೆಗಾಲದಲ್ಲಂತೂ ಒಗೆಯದೆ ಬಾಗಿಲ ಹಿಂದೆ ನೇತುಹಾಕಿದರೆ ಬೂಷ್ಟು ಬರುತ್ತದೆ. ಫ್ರೀಜರ್‌ನಲ್ಲಿಟ್ಟರೆ ಶುದ್ಧವಾಗುತ್ತದೆ ಅನ್ನೋದು ಸುಮ್ನೆ ಮಾತು. ಗೆರೆ ಚೂಪಾಗಲಿ ಅಂತ ಸೀರೆಗೆ ಹಾಕುವ ಹಾಗೆ ಗಂಜಿ ಹಾಕುವವರೂ ಇದ್ದಾರೆ. ಗೆರೆ ಚೆನ್ನಾಗಿ ಬರುತ್ತದೆ, ಆದರೆ ಬಿರುಸಾದ ಮಡಿಕೆಯಲ್ಲೇ ನೂಲು ಬೇಗ ತುಂಡಾಗುತ್ತದೆ. ನಾನು ಹಾಕಲ್ಲ.

ವಾಸನೆ ಬಂದರೆ ಅಥವಾ ಕೊಳೆ ಕೈಗೆ ಗೊತ್ತಾದರೆ ಒಗೆಯುತ್ತೇನೆ. ಒಳಮಗ್ಗುಲು ಮಾಡಿ, ತಣ್ಣೀರಿನ ಬಕೆಟ್‌ನಲ್ಲಿ ಸ್ವಲ್ಪ ಲಿಕ್ವಿಡ್ ಸೋಪು ಹಾಕಿ ಅರ್ಧ ಗಂಟೆ ನೆನೆಸಿ, ಕೈಯಲ್ಲಿ ಅಲ್ಲಾಡಿಸಿ ತೆಗೆಯೋದು. ಬ್ರಷ್ ಇಲ್ಲ, ಒಗೆಯೋ ಕಲ್ಲಂತೂ ಇಲ್ಲವೇ ಇಲ್ಲ. ಹಿಂಡದೆ, ಸೊಂಟದ ಕಡೆ ಕ್ಲಿಪ್ ಹಾಕಿ ನೆರಳಲ್ಲಿ ಒಣಹಾಕುತ್ತೇನೆ.

ಎಷ್ಟೇ ಜೋಪಾನ ಮಾಡಿದರೂ ಮೊದಲು ಹೋಗೋದು ತೊಡೆಸಂದಿಯೇ. ನಾಲ್ಕು ಹೊಲಿಗೆ ಅಲ್ಲಿ ಸೇರುತ್ತವೆ, ತೊಡೆಗಳು ಉಜ್ಜುತ್ತವೆ, ಬೆವರು ನಿಲ್ಲುತ್ತದೆ. ಹೆಚ್ಚಿನವರು ಹರಿದ ಮೇಲೆ ಟೈಲರ್ ಹತ್ತಿರ ಓಡುತ್ತಾರೆ, ಅವರು "ಹೊಸದೇ ತಗೊಳ್ಳಿ ಸಾರ್" ಅನ್ನುತ್ತಾರೆ. ಅವರದೂ ತಪ್ಪಿಲ್ಲ, ತೂತಾದ ಮೇಲೆ ಸೂಜಿಗೆ ಹಿಡಿಯಲು ಬಟ್ಟೆಯೇ ಇರುವುದಿಲ್ಲ. ಅದಕ್ಕೇ ಪ್ಯಾಂಟ್ ಒಗೆದಾಗಲೆಲ್ಲ ಒಳಗೆ ಕೈಯಿಟ್ಟು ಬೆಳಕಿಗೆ ಹಿಡಿದು ನೋಡುತ್ತೇನೆ. ಮೇಲಿಂದ ಕೆಳಗೆ ಹೋಗುವ ನೀಲಿ ಹಾಸು ನೂಲು ಮೊದಲು ಸವೆಯುತ್ತದೆ. ಆಮೇಲೆ ಅಡ್ಡಕ್ಕೆ ಬರೀ ಬಿಳಿ ಎಳೆಗಳು ಏಣಿ ಮೆಟ್ಟಿಲ ಹಾಗೆ ಉಳಿಯುತ್ತವೆ. ತೇಪೆ ಹಾಕಬೇಕಾದ್ದು ಆಗ. ಬಿಳಿ ಎಳೆ ಇನ್ನೂ ಇರುವಾಗ.

ಒಳಗಿನಿಂದ ತೆಳು ಕಾಟನ್ ತುಂಡೊಂದನ್ನು ಇಡುತ್ತೇನೆ. ಹಳೇ ಅಂಗಿಯದಾದರೂ ಆದೀತು, ಒಮ್ಮೆ ಒಗೆದಿರಬೇಕು. ದಪ್ಪ ಜೀನ್ಸ್ ತುಂಡು ಬೇಡ, ತೇಪೆ ಗಟ್ಟಿಯಾದಷ್ಟೂ ಅದರ ಅಂಚಿನ ಹಳೇ ಬಟ್ಟೆ ಹರಿಯುತ್ತದೆ. ಅಮ್ಮನ ಹಳೇ ಉಷಾ ಮೆಷಿನ್‌ಗೆ 16 ನಂಬರ್ ಸೂಜಿ ಹಾಕಿ, ಹಾಸು ನೂಲು ಹೋಗುವ ದಿಕ್ಕಿನಲ್ಲೇ ಮುಂದಕ್ಕೆ ಹಿಂದಕ್ಕೆ ನೇರ ಹೊಲಿಗೆ. ಲಿವರ್ ಮೇಲೆತ್ತಿದರೆ ಅದು ಹಿಂದಕ್ಕೂ ಹೊಲಿಯುತ್ತದೆ. ಸಾಲುಗಳು ಒತ್ತೊತ್ತಾಗಿರಬೇಕು, ಆದರೆ ಎಲ್ಲವೂ ಒಂದೇ ಗೆರೆಯಲ್ಲಿ ನಿಲ್ಲಬಾರದು. ಒಂದು ಉದ್ದ, ಒಂದು ಗಿಡ್ಡ. ಹಾಗೆ ಮಾಡಿದರೆ ಭಾರ ಒಂದೇ ಕಡೆ ಬೀಳುವುದಿಲ್ಲ. ದಾರವೂ ಒಂದೇ ಬಣ್ಣದ್ದಲ್ಲ. ಬಣ್ಣ ಹೋದ ಜಾಗಕ್ಕೆ ಕಡುನೀಲಿ ಹಾಕಿದರೆ ಮುಖಕ್ಕೆ ಹೊಡೆದ ಹಾಗೆ ಕಾಣುತ್ತದೆ, ಹಾಗಾಗಿ ತಿಳಿನೀಲಿ, ಬೂದು ಎರಡೂ ಬೆರೆಸುತ್ತೇನೆ.

ಮೊಣಕಾಲಿಗೆ ಮೆಷಿನ್ ಹೋಗಲ್ಲ, ಕಾಲಿನ ಪಕ್ಕದ ಹೊಲಿಗೆ ಬಿಚ್ಚಬೇಕಾಗುತ್ತದೆ. ಅದರ ಬದಲು ಅಲ್ಲಿ ಕೈ ಹೊಲಿಗೆಯೇ ವಾಸಿ. ಜಪಾನಿನವರು ಸಶಿಕೊ ಅನ್ನುವ ಆ ಓಡುಹೊಲಿಗೆ ನಮ್ಮ ಉತ್ತರ ಕರ್ನಾಟಕದ ಕೌದಿಯಲ್ಲಿ ಹಾಕುವ ಹೊಲಿಗೆಯೇ ಅಲ್ವಾ? ಧಾರವಾಡದ ಕಡೆಯ ಅತ್ತೆ ಒಬ್ಬರು ನನ್ನ ಮೊಣಕಾಲಿನ ತೇಪೆ ನೋಡಿ ನಕ್ಕು, ಸೂಜಿ ಕಿತ್ತುಕೊಂಡು ತಾವೇ ನಾಲ್ಕು ಸಾಲು ಹಾಕಿಕೊಟ್ಟರು. ಸಾಲಿನ ತುದಿಯಲ್ಲಿ ತಿರುಗುವಾಗ ದಾರವನ್ನು ಬಿಗಿಯಾಗಿ ಎಳೆಯದೆ ಸಣ್ಣ ಕುಣಿಕೆ ಬಿಡೋದನ್ನು ಅವರಿಂದಲೇ ಕಲಿತದ್ದು. ಕಾಟನ್ ದಾರ ಒಗೆದಾಗ ಕುಗ್ಗುತ್ತದೆ. ಸಡಿಲ ಬಿಡದಿದ್ದರೆ ತೇಪೆ ಮುದುರಿಕೊಂಡು, ಮೊಣಕಾಲು ಮಡಚಿದಾಗಲೆಲ್ಲ ಹಿಡಿದೆಳೆಯುತ್ತದೆ.